ಮಸ್ತಿಷ್ಕಾರ್ಬುದದ ಮೂಲಕೋಶಗಳು

ಅರ್ಬುದವನ್ನು ನಿಶ್ಶೇಷವಾಗಿ ತೆಗೆಯದಿದ್ದರೆ ಅದು ಶೀಘ್ರವಾಗಿ ಮರಳಿ ಹುಟ್ಟುವುದೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ಆ ಶೇಷವು ಯಾವುದೆಂಬ ಪ್ರಶ್ನೆಗೆ ಪ್ರಾಚೀನರು ದೋಷವನ್ನು ಹೇಳಿದರು; ಆಧುನಿಕರು ಕೋಶವನ್ನು ತೋರಿಸುವರು. ಇವೆರಡನ್ನೂ ಒಂದೆಂದು ಸಾಧಿಸಹೊರಡುವುದು ಯುಕ್ತವಲ್ಲ.

ಪ್ರಾಯದವರ ಮಿದುಳಿನಲ್ಲಿ ಹುಟ್ಟುವ ಅರ್ಬುದಗಳ ಪೈಕಿ ಅತ್ಯಂತ ಘೋರವಾದುದು ಗ್ಲಯೋಬ್ಲಾಸ್ಟೋಮ. ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ, ಔಷಧ ಇವು ಮೂರೂ ನಡೆದ ಮೇಲೆಯೂ ಅದು ಬಹುಮಟ್ಟಿಗೆ ಮರುಕಳಿಸುವುದು. ೨೦೦೪ರಲ್ಲಿ ಟೊರಾಂಟೋ ನಗರದ ಶೀಲಾ ಸಿಂಗ್, ಪೀಟರ್ ಡರ್ಕ್ಸ್ ಮೊದಲಾದವರು ಮನುಷ್ಯರ ಮಿದುಳಿನ ಅರ್ಬುದಗಳಿಂದ ತೆಗೆದ ಕೋಶಗಳನ್ನು, ಮೇಲ್ಮೈಯಲ್ಲಿ ಸಿಡಿ ೧೩೩ ಎಂಬ ಪ್ರೋಟೀನು ಉಳ್ಳವು, ಇಲ್ಲದವು ಎಂದು ವಿಂಗಡಿಸಿ, ರೋಗನಿರೋಧಶಕ್ತಿಯಿಲ್ಲದ ಇಲಿಗಳ ಮಿದುಳಿನಲ್ಲಿ ನೆಟ್ಟರು. ಮೊದಲನೆಯ ಬಗೆಯವು ಕೇವಲ ೧೦೦ ಇದ್ದರೂ ಅರ್ಬುದವು ಹುಟ್ಟಿತು; ಎರಡನೆಯವು ಒಂದು ಲಕ್ಷವಿದ್ದರೂ ಹುಟ್ಟಲಿಲ್ಲ. ಹುಟ್ಟಿದ ಅರ್ಬುದದಲ್ಲಿಯಾದರೋ ಎರಡು ಬಗೆಯವೂ ಇದ್ದವು.

ಇಂತಹ ಕೋಶಕ್ಕೆ ಕನ್ನಡದಲ್ಲಿ 'ಕಾಂಡಕೋಶ'ವೆಂಬ ಹೆಸರು ಬಳಕೆಯಲ್ಲಿದೆ. ೧೮೬೮ರಲ್ಲಿ ಜರ್ಮನ್ ವಿಜ್ಞಾನಿ ಹೆಕೆಲನು ಮೂಲಪದವನ್ನು ಪ್ರಯೋಗಿಸಿದುದು ವಂಶವೃಕ್ಷದ ಭಾವನೆಯಿಂದ. ಆದುದರಿಂದ 'ಮೂಲಕೋಶ'ವೆಂಬುದೇ ಅರ್ಥಕ್ಕೆ ಹತ್ತಿರವಾದುದು.

ಈ ಕೋಶಗಳು ತಮ್ಮ ಮೂಲತ್ವವನ್ನು ಕಾಪಾಡಿಕೊಳ್ಳುವುದು ನೆರೆಯ ಕೋಶಗಳಿಂದ ಬರುವ ಸಂಕೇತಗಳ ಮೂಲಕ. ಅಂತಹ ಮಾರ್ಗಗಳಲ್ಲಿ ನಾಚ್ ಎಂಬುದೊಂದು. ಹಣ್ಣಿನ ನೊಣದ ರೆಕ್ಕೆಯಂಚಿನ ಕಚ್ಚಿನಿಂದ ಬಂದ ಹೆಸರಿದು. ನೆರೆಯ ಕೋಶದ ಪ್ರೋಟೀನು ತಗುಲಿದೊಡನೆ ಕೋಶದ ಹೊದಿಕೆಯಲ್ಲಿರುವ ನಾಚ್ ಕಿಣ್ವಗಳಿಂದ ಛೇದಿಸಲ್ಪಡುವುದು. ಅದರ ಒಳತುಂಡು ಕೋಶಕೇಂದ್ರವನ್ನು ಹೊಕ್ಕು ಕೆಲವು ಜೀನುಗಳನ್ನು ಎಚ್ಚರಿಸುವುದು. ದ್ವಾರಪಾಲಕನೇ ಇಲ್ಲಿ ದೂತನೂ ಆಗುವನು. ಭ್ರೂಣದ ಮಿದುಳನ್ನು ಕಟ್ಟುವಾಗ ಮೂಲಕೋಶಗಳು ಅಕಾಲದಲ್ಲಿ ಬಲಿಯದಂತೆ ತಡೆಯುವ ಮಾರ್ಗವೇ ಅರ್ಬುದಕ್ಕೂ ಒದಗುವುದು. ಪ್ರತಿಯಾಗಿ, ಬಿಎಂಪಿ ೪ ಎಂಬ ಸಂಕೇತವನ್ನಿತ್ತಾಗ ಅರ್ಬುದದ ಮೂಲಕೋಶಗಳು ಬಲಿತು, ಇಲಿಗಳಲ್ಲಿ ಅರ್ಬುದವನ್ನು ಹುಟ್ಟಿಸುವ ಶಕ್ತಿಯು ಕುಗ್ಗಿತೆಂದು ೨೦೦೬ರಲ್ಲಿ ಪ್ರಕಟವಾಯಿತು. ಸಿಡಿ ೧೩೩ ಉಳ್ಳ ಕೋಶಗಳು ಕಿರಣದಿಂದಾದ ಹಾನಿಯನ್ನು ಇತರ ಕೋಶಗಳಿಗಿಂತ ಚೆನ್ನಾಗಿ ಸರಿಪಡಿಸಿಕೊಳ್ಳುವುವೆಂಬುದೂ ಆ ವರ್ಷವೇ ತಿಳಿದುಬಂದಿತು.

ಆದರೆ ವಿಷಯವು ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಅರ್ಬುದಗಳಲ್ಲಿ ಸಿಡಿ ೧೩೩ ಇಲ್ಲದ ಕೋಶಗಳೂ ಅರ್ಬುದವನ್ನು ಹುಟ್ಟಿಸಿದವು. ಬಲಿತ ಕೋಶಗಳು ಹಿಂದಿರುಗಿ ಮೂಲದಂತಾಗುವುದೂ ಕಂಡುಬಂದಿತು. ಹಾಗಾದರೆ ಮೂಲತ್ವವು ಜಾತಿಯೋ, ಅವಸ್ಥೆಯೋ? ಜಾತಿಯಾದರೆ ಆ ಕೋಶಗಳನ್ನು ಆರಿಸಿ ಕೊಂದರೆ ಸಾಕು. ಅವಸ್ಥೆಯಾದರೆ ಕೊಂದ ಸ್ಥಳದಲ್ಲಿ ಬೇರೆಯವು ಬರುವುವು. ಅವಸ್ಥೆಯನ್ನುಂಟುಮಾಡುವ ಸಂಕೇತವನ್ನೇ ತಡೆಯಬೇಕಾಗುವುದು. ನಾಚ್ ಮಾರ್ಗವನ್ನು ತಡೆಯುವ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಿರುವರು. ಕರುಳಿನ ಒಳಪೊರೆಯು ಸದಾ ಹೊಸದಾಗುವುದಕ್ಕೂ ಇದೇ ಮಾರ್ಗವು ಬೇಕಾಗಿರುವುದರಿಂದ ಅವುಗಳಿಂದ ಅತಿಸಾರವುಂಟಾಗುವುದು.