ದಂತಮೂಲರೋಗಗಳು: ಶಾಲಾಕ್ಯತಂತ್ರದ ಪರಿಭಾಷೆಯೂ ಚಿಕಿತ್ಸಾಕ್ರಮವೂ

ಆಯುರ್ವೇದದ ಎಂಟು ಅಂಗಗಳಲ್ಲಿ ಕಣ್ಣು, ಕಿವಿ, ಮೂಗು, ಬಾಯಿ, ಶಿರಸ್ಸುಗಳ ರೋಗಗಳನ್ನು ವಿವರಿಸುವ ಅಂಗಕ್ಕೆ ಶಾಲಾಕ್ಯವೆಂದು ಹೆಸರು. ವಸಡಿನ ರೋಗಗಳು ಇದರಲ್ಲಿಯೇ ಅಂತರ್ಗತವಾಗಿವೆ. ಜೈನ ವೈದ್ಯಪರಂಪರೆ ತನ್ನ ಮೂಲವನ್ನು ದ್ವಾದಶಾಂಗದ ಪ್ರಾಣಾವಾಯ ಪೂರ್ವದಲ್ಲಿ ಕಾಣುತ್ತದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವಾಗ ಶಾಲಾಕ್ಯವನ್ನು ಪೂಜ್ಯಪಾದರಿಗೂ ಶಲ್ಯತಂತ್ರವನ್ನು ಪಾತ್ರಸ್ವಾಮಿಗೂ ಸಲ್ಲಿಸಿದ್ದಾನೆ. ಈ ಗ್ರಂಥವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ, ಹಿಂದೀ ಅನುವಾದದೊಡನೆ, 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ವೈದ್ಯಕ ಹಸ್ತಪ್ರತಿಗಳನ್ನು ಓದುವವರಿಗೆ ದಂತಮೂಲರೋಗಗಳ ಪರಿಭಾಷೆ ತಿಳಿದಿರುವುದು ಅವಶ್ಯಕ. ಅದಿಲ್ಲದೆ ಪಾಠನಿರ್ಣಯವೂ ಸಾಧ್ಯವಿಲ್ಲ, ಔಷಧದ ಉಪಯೋಗವೂ ಕ್ಷೇಮವಲ್ಲ.

ಈ ಪರಿಭಾಷೆಗೆ ಆಧಾರವಾದುದು ಸುಶ್ರುತಸಂಹಿತೆ. ಅದರಲ್ಲಿ ಮುಖರೋಗಗಳು 65. ಅವುಗಳಲ್ಲಿ ದಂತಮೂಲದಲ್ಲಿ ಹುಟ್ಟುವಂಥವು 15. ಶೀತಾದ, ದಂತಪುಪ್ಪುಟಕ, ದಂತವೇಷ್ಟಕ, ಶೌಷಿರ, ಮಹಾಶೌಷಿರ, ಪರಿದರ, ಉಪಕುಶ, ದಂತವೈದರ್ಭ, ವರ್ಧನ, ಅಧಿಮಾಂಸ ಎಂಬ ಹತ್ತು. ಐದು ಬಗೆಯ ನಾಡೀವ್ರಣಗಳು ಸೇರಿ ಹದಿನೈದು.

ಇವುಗಳಲ್ಲಿ ಶೀತಾದ, ದಂತವೇಷ್ಟಕಗಳ ಲಕ್ಷಣಗಳು ವಿಶೇಷವಾಗಿ ಗಮನಾರ್ಹ. ವಸಡು ಮೃದುವಾಗಿ, ಕಪ್ಪುಗೂಡಿ, ದುರ್ಗಂಧದಿಂದ ಕೂಡಿ, ಕಾರಣವಿಲ್ಲದೆಯೇ ರಕ್ತ ಸುರಿಯುವುದು ಶೀತಾದ. ಕೀವು ರಕ್ತಗಳು ಒಸರಿ ಹಲ್ಲು ಅಲುಗಾಡುವುದು ದಂತವೇಷ್ಟಕ. ಇಂದಿನ ದಂತವೈದ್ಯರೂ ಇಂಥದೇ ಎರಡು ಅವಸ್ಥೆಗಳನ್ನು ಹೇಳುತ್ತಾರೆ. ಮೊದಲನೆಯದು ವಸಡಿನ ಉರಿಯೂತ. ಅದರಲ್ಲಿ ವಸಡು ಕೆಂಪಾಗಿ ಊದಿ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಎಲುಬಿಗೆ ಹಾನಿಯಿಲ್ಲದ ಕಾರಣ ಇದು ಪೂರ್ಣವಾಗಿ ಗುಣವಾಗುವಂಥದು. ಎರಡನೆಯದರಲ್ಲಿ ಹಲ್ಲನ್ನು ಹಿಡಿದಿರುವ ಎಲುಬು ಕ್ಷಯಿಸುತ್ತದೆ. ವಸಡಿಗೂ ಹಲ್ಲಿಗೂ ನಡುವಿನ ಸಂದು ಆರೋಗ್ಯದಲ್ಲಿ 1ರಿಂದ 3 ಮಿಲಿಮೀಟರಿನಷ್ಟಿದ್ದರೆ ಈ ರೋಗದಲ್ಲಿ ಅದಕ್ಕಿಂತ ಆಳವಾಗುತ್ತದೆ. ಕಳೆದ ಎಲುಬು ತಾನಾಗಿ ಮರಳುವುದಿಲ್ಲ. ರೋಗವನ್ನು ಅಲ್ಲಿಗೆ ತಡೆಯುವುದು ಮಾತ್ರ ಚಿಕಿತ್ಸೆಯ ಮುಖ್ಯ ಗುರಿ. ಪ್ರಾಚೀನರ ಹೆಸರುಗಳನ್ನು ಆಧುನಿಕ ಹೆಸರುಗಳಿಗೆ ಒಂದಕ್ಕೊಂದು ಸಮವೆಂದು ಹೇಳುವುದು ಯುಕ್ತವಲ್ಲವಾದರೂ, ರಕ್ತಸ್ರಾವವು ಮೊದಲ ಎಚ್ಚರಿಕೆ, ಹಲ್ಲಿನ ಚಲನವು ಮುಂದುವರಿದ ಅವಸ್ಥೆ ಎಂಬ ವಿವೇಕ ಎರಡರಲ್ಲಿಯೂ ಸಮಾನ.

ರೋಗದ ಕಾರಣವೂ ಹೀಗೆಯೇ ವಿಚಾರಾರ್ಹ. ಹಲ್ಲಿನ ಮೇಲೆ ಕಟ್ಟಿದ ಮಲವು ಒಣಗಿ ಸಕ್ಕರೆಯ ಹರಳಿನಂತೆ ಒರಟಾಗುವುದನ್ನು ದಂತಶರ್ಕರಾ ಎಂದು ಕರೆದು ಸುಶ್ರುತನು ದಂತರೋಗಗಳಲ್ಲಿ ಎಣಿಸಿದ್ದಾನೆ. ಸೂಕ್ಷ್ಮಜೀವಿಗಳ ಮೆತ್ತನೆಯ ಪದರವು ಉಗುಳಿನ ಖನಿಜಾಂಶದಿಂದ ಗಟ್ಟಿಯಾಗಿ ಕಿಟ್ಟವಾಗುತ್ತದೆಂದೂ, ಅದು ಬ್ರಷ್ಷಿಗಾಗಲಿ ಕಡ್ಡಿಗಾಗಲಿ ಬಿಡುವುದಿಲ್ಲವೆಂದೂ ಇಂದು ತಿಳಿದಿದೆ. ತಂಬಾಕು ಮತ್ತು ಹತೋಟಿಯಿಲ್ಲದ ಮಧುಮೇಹಗಳು ರೋಗವನ್ನು ಉಲ್ಬಣಗೊಳಿಸುತ್ತವೆ. ಈ ಕಿಟ್ಟವನ್ನು ಉಪಕರಣದಿಂದ ತೆಗೆಯುವುದೇ ಈಗಲೂ ಪ್ರಧಾನ ಚಿಕಿತ್ಸೆ. ದಂತಮೂಲಕ್ಕೆ ನೋವಾಗದಂತೆ ಶರ್ಕರೆಯನ್ನು ತೆಗೆಯಬೇಕೆಂದು ಸುಶ್ರುತನೂ ವಿಧಿಸಿದ್ದಾನೆ. ಅಲ್ಲಿ ಬಳಸಿರುವ ಪದ ‘ಹಿಂಸ್’ ಧಾತುವಿನಿಂದಲೇ ಬಂದುದೆಂಬುದು ಸ್ವಾರಸ್ಯಕರ.

ಆದರೆ ಆ ಬಳಿಕ ಹೇಳಿರುವ ಔಷಧದಲ್ಲಿ ಜೈನ ವೈದ್ಯನಿಗೆ ತೊಡಕು ಎದುರಾಗುತ್ತದೆ. ಶರ್ಕರೆಯನ್ನು ತೆಗೆದ ಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕೆಂದಿದೆ. ದಂತವೇಷ್ಟಕಕ್ಕೂ ಲೋಧ್ರ, ಪತಂಗ, ಅತಿಮಧುರ, ಅರಗುಗಳ ಚೂರ್ಣವನ್ನು ಜೇನಿನೊಡನೆ ಹೇಳಿದೆ. ಅರಗು ಕೀಟಜನ್ಯ. ಮದ್ಯಮಾಂಸಮಧುಗಳ ತ್ಯಾಗವನ್ನು ಸಮಂತಭದ್ರಾಚಾರ್ಯರು ಶ್ರಾವಕನ ಅಷ್ಟಮೂಲಗುಣಗಳಲ್ಲಿಯೇ ಸೇರಿಸಿದ್ದಾರೆ. ಶೀತಾದಕ್ಕೆ ಹೇಳಿದ ಶುಂಠಿ, ಸಾಸಿವೆ, ತ್ರಿಫಲೆಗಳ ಕಷಾಯದ ಗಂಡೂಷದಲ್ಲಿ ಈ ತೊಡಕಿಲ್ಲ.

ಆದಕಾರಣ ಜೈನ ವೈದ್ಯಕ ಪ್ರತಿಗಳಲ್ಲಿ ‘ಮಧು’ ಎಂಬ ಪಾಠ ಕಂಡಲ್ಲಿ ಸಂಪಾದಕನು ನಿಲ್ಲಬೇಕು. ಮಧು ಎಂದರೆ ಜೇನು. ಮಧುಕ ಎಂದರೆ ಅತಿಮಧುರ. ಮಧೂಕ ಎಂದರೆ ಇಪ್ಪೆ. ಓಲೆಯ ಅಂಚು ಮುರಿದು ಒಂದಕ್ಷರ ಹೋದರೆ, ಅಥವಾ ಲಿಪಿಕಾರನು ಹ್ರಸ್ವದೀರ್ಘಗಳನ್ನು ಭೇದಿಸದಿದ್ದರೆ, ಒಂದು ದ್ರವ್ಯ ಮತ್ತೊಂದಾಗುತ್ತದೆ. ಛಂದಸ್ಸು ಅನೇಕ ವೇಳೆ ನಿರ್ಣಯಕ್ಕೆ ನೆರವಾಗುತ್ತದೆ: ಮಧುಕದ ಮೂರು ಲಘುಗಳು ನಿಲ್ಲುವೆಡೆ ಮಧೂಕದ ಗುರು ನಿಲ್ಲದು. ಆದರೆ ಜೈನಗ್ರಂಥವೆಂಬ ಕಾರಣದಿಂದಲೇ ಮಧುವನ್ನು ಮಧುಕವೆಂದು ತಿದ್ದುವುದೂ ದೋಷವೇ. ಪ್ರತಿಯಲ್ಲಿರುವುದನ್ನು ಉಳಿಸಿ, ಸಂದೇಹವನ್ನು ಅಡಿಯಲ್ಲಿ ಸೂಚಿಸುವುದೇ ಶಾಸ್ತ್ರೀಯ ಮಾರ್ಗ.

ವಿಷಯವು ಕೇವಲ ಗ್ರಂಥಸ್ಥವಲ್ಲ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಬೆರಳು, ಉಗುರು, ಕಡ್ಡಿಗಳಿಂದ ದಂತಮಲವನ್ನು ತೆಗೆಯದಿರುವುದೇ ಅದರ ಸ್ವರೂಪ. ಆಹಾರವೂ ದಿನಕ್ಕೆ ಒಂದೇ ಬಾರಿ. ಹಲ್ಲು ಅಲುಗಿ ಅಗಿಯಲಾಗದೆ ಹೋದರೆ ಆ ಒಂದು ಆಹಾರಕ್ಕೂ ಅಂತರಾಯ ಬಂದಂತೆ. ವ್ರತದ ಮರ್ಯಾದೆಯೊಳಗೆ ಯಾವ ಚಿಕಿತ್ಸೆ ಸಲ್ಲುವುದೆಂಬುದು ಆಚಾರ್ಯರ ನಿರ್ಣಯಕ್ಕೆ ಸೇರಿದುದು. ಔಷಧದಾನ ಮಾಡುವ ಶ್ರಾವಕನಿಗಾದರೋ ರೋಗದ ಕಾಲಜ್ಞಾನ ಇರಲೇಬೇಕು. ತ್ರಿದೋಷಜ ನಾಡಿಯನ್ನೂ ಶೌಷಿರವನ್ನೂ ಸುಶ್ರುತನು ವರ್ಜ್ಯವೆಂದು ಬಿಟ್ಟಿದ್ದಾನೆ. ಉಳಿದವು ಸಾಧ್ಯ, ಸಾಧ್ಯವಾದುದೂ ಕಾಲ ಮೀರಿದರೆ ಕಷ್ಟಸಾಧ್ಯ. ವಸಡಿನಿಂದ ರಕ್ತ ಕಂಡ ದಿನವೇ ವೈದ್ಯನನ್ನು ಕಾಣುವುದು ಉಚಿತ; ಹಲ್ಲು ಅಲುಗುವವರೆಗೆ ಕಾಯುವುದು ಸಲ್ಲದು.