ವಿಂಡೋಸ್ ಅರ್ಧಕ್ಕೇ ನಿಂತಿತೇ? ಗಾಬರಿ ಬೇಡ!

ರೂಮಿನ ಮೂಲೆಯಲ್ಲಿ ಕವರ್ ಹೊದ್ದು ಕುಳಿತ ಹಳೇ ಕಂಪ್ಯೂಟರ್ ಈಗಲೂ ಎಷ್ಟೋ ಮನೆಗಳಲ್ಲಿದೆ. ಮಕ್ಕಳ ಓದಿಗೆಂದು ಕೊಂಡದ್ದು. ಮಕ್ಕಳು ಬೆಳೆದು ಲ್ಯಾಪ್‌ಟಾಪ್ ಹಿಡಿದರು, ಯಜಮಾನರಿಗೆ ಮೊಬೈಲೇ ಸಾಕು. ಉಳಿದದ್ದು ನೀವು ಮತ್ತು ಅದು! ಚೀಟಿ ಲೆಕ್ಕ, ಮಹಿಳಾ ಸಮಾಜದ ಪತ್ರಗಳು, ಬರೆದಿಟ್ಟ ಅಡುಗೆ ವಿಧಾನಗಳು, ಎಲ್ಲಕ್ಕಿಂತ ಮುಖ್ಯವಾಗಿ ಹತ್ತು ಹದಿನೈದು ವರ್ಷದ ಫೋಟೋಗಳು ಅದರ ಹೊಟ್ಟೆಯಲ್ಲಿವೆ.

‘ತುಂಬಾ ಸ್ಲೋ ಆಗಿದೆ, ವಿಂಡೋಸ್ ಹೊಸದಾಗಿ ಹಾಕಿದ್ರೆ ಸರಿಹೋಗುತ್ತೆ’ ಅಂತ ಯಾರೋ ಹೇಳುತ್ತಾರೆ. ರಜೆಗೆ ಬಂದ ಅಣ್ಣನ ಮಗ ಉತ್ಸಾಹದಿಂದ ಕೂರುತ್ತಾನೆ. ಅರ್ಧ ಗಂಟೆ ಕಳೆದ ಮೇಲೆ ಪರದೆಯಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ನಿಲ್ಲುತ್ತದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ‘ಹೋಯ್ತು ಅತ್ತೆ, ಹೊಸದೇ ತಗೋಬೇಕು’ ಎಂದು ಅವನು ಕೈ ತೊಳೆದುಕೊಳ್ಳುತ್ತಾನೆ.

ವಿಂಡೋಸ್ ಕೂರಲಿಲ್ಲ ಎಂದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿದೆ ಎಂದರ್ಥವಲ್ಲ. ಕಾರಣ ಒಂದು ಕೆಟ್ಟ ಪೆನ್‌ಡ್ರೈವ್ ಆಗಿರಬಹುದು, ಸಡಿಲಾದ ರ್‍ಯಾಮ್ ಆಗಿರಬಹುದು. ಆದರೆ ಗಾಬರಿಯಲ್ಲಿ ಒತ್ತುವ ಒಂದು ಬಟನ್ ಮಾತ್ರ ದೊಡ್ಡ ನಷ್ಟ ತರುತ್ತದೆ. ವಿಂಡೋಸನ್ನು ನಾಳೆಯೂ ಹಾಕಬಹುದು, ಮಗಳ ನಾಮಕರಣದ ಫೋಟೋವನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಮೊದಲು ಫೋಟೋ, ಆಮೇಲೆ ವಿಂಡೋಸ್

ಹಾರ್ಡ್‌ಡಿಸ್ಕ್ ಎಂದರೆ ಬೀರು ಎಂದುಕೊಳ್ಳಿ. ಸಿ ಡ್ರೈವ್, ಡಿ ಡ್ರೈವ್ ಅದರ ಅರೆಗಳು. ವಿಂಡೋಸ್ ಇರುವುದು ಸಿ ಡ್ರೈವ್‌ನಲ್ಲಿ. ‘ನನ್ನ ಫೋಟೋ ಡೆಸ್ಕ್‌ಟಾಪ್ ಮೇಲಿದೆ, ಸಿ ಡ್ರೈವ್‌ನಲ್ಲಿ ಏನೂ ಇಟ್ಟಿಲ್ಲ’ ಎನ್ನುವವರೇ ಹೆಚ್ಚು. ವಾಸ್ತವವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ. ಫಾರ್ಮ್ಯಾಟ್ ಅಥವಾ ಡಿಲೀಟ್ ಒತ್ತಿದರೆ ಆ ಅರೆ ಪೂರ್ತಿ ಖಾಲಿ!

ಹಾಗಾದರೆ ವಿಂಡೋಸೇ ಇಲ್ಲದ ಕಂಪ್ಯೂಟರಿನಿಂದ ಫೋಟೋ ತೆಗೆಯುವುದು ಹೇಗೆ ಅಂತೀರಾ? ಎರಡು ದಾರಿಗಳಿವೆ. ಒಂದು, ಲಿನಕ್ಸ್ ಮಿಂಟ್ ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಪೆನ್‌ಡ್ರೈವ್‌ನಿಂದಲೇ ಅದು ಓಡುತ್ತದೆ. ನಿಮ್ಮ ಫೋಲ್ಡರ್‌ಗಳನ್ನು ತೆರೆದು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು. ಪರದೆಯ ಮೇಲೆ ಕಾಣುವ ‘ಇನ್‌ಸ್ಟಾಲ್’ ಚಿತ್ರವನ್ನು ಮಾತ್ರ ಒತ್ತಬೇಡಿ. ಎರಡು, ಹಾರ್ಡ್‌ಡಿಸ್ಕನ್ನು ಬಿಚ್ಚಿಸಿ, ಯುಎಸ್‌ಬಿ ಕೇಸ್‌ಗೆ ಹಾಕಿಸಿ, ಮಗಳ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಎಕ್ಸ್‌ಟರ್ನಲ್ ಡಿಸ್ಕ್‌ನಂತೆ ತೆರೆದುಕೊಳ್ಳುತ್ತದೆ.

ಡಿಸ್ಕ್‌ನಿಂದ ‘ಟಿಕ್ ಟಿಕ್’ ಎಂಬ ಸದ್ದು ಬರುತ್ತಿದೆಯೇ? ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಆ ಸ್ಥಿತಿಯಲ್ಲಿ ಓಡಿಸಿದಷ್ಟೂ ಹಾನಿ ಹೆಚ್ಚು. ಡೇಟಾ ರಿಕವರಿ ತಿಳಿದವರ ಕೈಗೇ ಕೊಡಿ.

‘ವಿಂಡೋಸ್ ಕೂತಿತು, ಆದ್ರೆ ಫೋಟೋ ಎಲ್ಲಾ ಮಾಯ’ ಎನ್ನುವವರು ಇನ್ನೊಂದು ಜಾಗ ನೋಡಬೇಕು. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸದನ್ನು ಹಾಕಿದ್ದರೆ, ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ‘ಯೂಸರ್ಸ್’, ಅದರೊಳಗೆ ನಿಮ್ಮ ಹಳೇ ಹೆಸರು. ಎಲ್ಲವೂ ಅಲ್ಲೇ ಕೂತಿರಬಹುದು. ಕೆಲವು ದಿನಗಳಲ್ಲಿ ಈ ಫೋಲ್ಡರ್ ತಾನಾಗಿ ಅಳಿಸಿಹೋಗುವುದೂ ಉಂಟು. ಸಿಕ್ಕ ದಿನವೇ ಕಾಪಿ ಮಾಡಿಕೊಳ್ಳಿ.

ಎಲ್ಲಿ ನಿಂತಿತು ನೋಡಿ

ಪರದೆಯ ಮೇಲೆ ಬಂದ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅರ್ಥವಾಗದಿದ್ದರೂ ಪರವಾಗಿಲ್ಲ. ಎಲ್ಲಿ ನಿಂತಿತು ಎಂಬುದರಲ್ಲೇ ಕಾರಣದ ಸುಳಿವಿರುತ್ತದೆ.

ಶುರುವೇ ಆಗುತ್ತಿಲ್ಲ: ಕಂಪ್ಯೂಟರ್ ಪೆನ್‌ಡ್ರೈವ್ ಕಡೆ ನೋಡುತ್ತಲೇ ಇಲ್ಲ. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿಯನ್ನು ಮೇಲಿಂದ ಮೇಲೆ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಕೆಲವದರಲ್ಲಿ ಎಸ್ಕೇಪ್, ಎಫ್ 8 ಅಥವಾ ಎಫ್ 11. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಹಿಂಬದಿಯ ಯುಎಸ್‌ಬಿ ಕಿಂಡಿಗೆ ಹಾಕಿ ನೋಡಿ.

ಮುಗಿದ ಮೇಲೂ ಮತ್ತೆ ಮೊದಲಿನಿಂದ: ಮೊದಲ ಹಂತ ಮುಗಿದು ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಅದು ಮತ್ತೆ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತಿದೆ. ಮೊದಲ ರೀಸ್ಟಾರ್ಟ್ ಹೊತ್ತಿಗೆ ಪೆನ್‌ಡ್ರೈವ್ ಎಳೆದುಬಿಡಿ, ಅಷ್ಟೇ!

‘ಈ ಡಿಸ್ಕ್‌ಗೆ ಹಾಕಲಾಗದು’ ಎನ್ನುತ್ತದೆ: ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಸಂದೇಶದಲ್ಲಿ ಜಿಪಿಟಿ ಅಥವಾ ಎಂಬಿಆರ್ ಎಂಬ ಅಕ್ಷರಗಳಿವೆಯೇ ನೋಡಿ. ಇವು ಡಿಸ್ಕನ್ನು ಅರೆಗಳಾಗಿ ವಿಂಗಡಿಸುವ ಎರಡು ಬಗೆಗಳು. ಎಂಬಿಆರ್ ಹಳೇ ಬಯೋಸ್ ಕಾಲದ್ದು, ಜಿಪಿಟಿ ಹೊಸ ಯುಇಎಫ್‌ಐ ಕಾಲದ್ದು. ಪೆನ್‌ಡ್ರೈವ್ ಒಂದು ರೀತಿಯಲ್ಲಿ ಶುರುವಾಗಿ ಡಿಸ್ಕ್ ಇನ್ನೊಂದು ರೀತಿ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. ‘ಎಲ್ಲಾ ಪಾರ್ಟಿಶನ್ ಡಿಲೀಟ್ ಮಾಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಹಾಗೆ ಮಾಡಿದರೆ ವಿಂಡೋಸ್ ಕೂರುತ್ತದೆ ನಿಜ, ಆದರೆ ಡಿ ಡ್ರೈವ್ ಸಮೇತ ಎಲ್ಲವೂ ಹೋಗುತ್ತದೆ! ಬದಲಿಗೆ ರೀಸ್ಟಾರ್ಟ್ ಮಾಡಿ ಬೂಟ್ ಮೆನು ತೆರೆಯಿರಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಒಂದೇ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣುತ್ತದೆ. ಸಂದೇಶ ಜಿಪಿಟಿ ಎಂದಿದ್ದರೆ ಯುಇಎಫ್‌ಐ ಎಂದಿರುವ ಹೆಸರನ್ನು, ಎಂಬಿಆರ್ ಎಂದಿದ್ದರೆ ಆ ಪದವಿಲ್ಲದ ಹೆಸರನ್ನು ಆರಿಸಿ.

ಡಿಸ್ಕ್ ಪಟ್ಟಿಯೇ ಖಾಲಿ: ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಡಿಸ್ಕ್ ಕೆಟ್ಟಿರಬಹುದು. ಮೊದಲು ಕೇಬಲ್ ಬದಲಿಸಿ ನೋಡುವುದು ಜಾಣತನ.

ಶೇಕಡಾವಾರು ಏರುತ್ತಾ ನಡುವೆ ನಿಲ್ಲುತ್ತದೆ: ಪೆನ್‌ಡ್ರೈವ್, ರ್‍ಯಾಮ್, ಹಾರ್ಡ್‌ಡಿಸ್ಕ್ ಮೂರರ ಮೇಲೂ ಅನುಮಾನ ಪಡಿ. ಇದೇ ಕ್ರಮದಲ್ಲಿ ಪರೀಕ್ಷಿಸಿ, ಅಗ್ಗದ್ದು ಮೊದಲು. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಬೇರೆ ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳಿ. ಅದು ಪೆನ್‌ಡ್ರೈವ್‌ನಲ್ಲಿದ್ದುದನ್ನೆಲ್ಲ ಅಳಿಸಿಬಿಡುತ್ತದೆ. ಫೋಟೋ ಕಾಪಿ ಮಾಡಿಟ್ಟ ಪೆನ್‌ಡ್ರೈವನ್ನೇ ಇದಕ್ಕೆ ಕೊಟ್ಟು ಅಳುವ ಹಾಗಾಗದಿರಲಿ!

ಆಗಲೂ ನಿಂತರೆ ರ್‍ಯಾಮ್ ನೋಡಿ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಆಮೇಲೆ ಕೈ ಹಾಕಿ. ಎರಡು ತುದಿಯ ಕ್ಲಿಪ್ ಬಿಡಿಸಿ ರ್‍ಯಾಮ್ ಪಟ್ಟಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವಂತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಕೈ ನಡುಗಿದರೆ ಈ ಕೆಲಸ ತಿಳಿದವರಿಗೆ ಬಿಡಿ. ಇದಕ್ಕೂ ಬಗ್ಗದಿದ್ದರೆ ಹಾರ್ಡ್‌ಡಿಸ್ಕ್ ದಣಿದಿದೆ ಎಂದೇ ಲೆಕ್ಕ. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಹಳೇ ಕಂಪ್ಯೂಟರ್ ಕೂಡ ಎಷ್ಟೋ ಚುರುಕಾಗುತ್ತದೆ.

‘ಈ ಕಂಪ್ಯೂಟರಿಗೆ ವಿಂಡೋಸ್ 11 ಆಗದು’: ಇದು ಕೆಟ್ಟುಹೋದ ಲಕ್ಷಣವಲ್ಲ, ವಯಸ್ಸಿನ ಲಕ್ಷಣ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ದರಷ್ಟೇ ಸಾಲದು, ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆಯೂ ಬೇಕು. ಹಳೇ ಯಂತ್ರಗಳಲ್ಲಿ ಇದು ಇರುವುದಿಲ್ಲ. ಹಾಗಂತ ವಿಂಡೋಸ್ 7ಕ್ಕೆ ಮರಳುವುದೂ ಸರಿಯಲ್ಲ, ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲವಿಲ್ಲದ ವಿಂಡೋಸ್‌ನಲ್ಲಿ ಫೋಟೋ ನೋಡಿ, ಹಾಡು ಕೇಳಿ, ಪತ್ರ ಟೈಪ್ ಮಾಡಿ. ಬ್ಯಾಂಕ್ ವ್ಯವಹಾರ ಮಾತ್ರ ಬೇಡ. ಇಂಟರ್ನೆಟ್ ಬೇಕೇ ಬೇಕು ಎನ್ನುವವರು, 4 ಜಿಬಿ ರ್‍ಯಾಮ್ ಇದ್ದರೆ, ಆಗ ಹೇಳಿದ ಲಿನಕ್ಸ್ ಮಿಂಟನ್ನೇ ಶಾಶ್ವತವಾಗಿ ಹಾಕಿಸಿಕೊಳ್ಳಬಹುದು.

ಕೂತ ಮೇಲಿನ ತಕರಾರುಗಳು

ಅಂತೂ ವಿಂಡೋಸ್ ಕೂತಿತು ಎನ್ನುವಷ್ಟರಲ್ಲಿ ಸಣ್ಣಪುಟ್ಟ ಕಿರಿಕಿರಿ ಶುರು. ವೈಫೈ ಇಲ್ಲ, ಸೌಂಡ್ ಇಲ್ಲ ಎಂದರೆ ಡ್ರೈವರ್ ಇಲ್ಲವೆಂದರ್ಥ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಇಂಟರ್ನೆಟ್ ಬರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಬಹುಪಾಲು ಡ್ರೈವರ್ ತಾನಾಗಿ ಇಳಿಯುತ್ತದೆ.

ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗುತ್ತಿದೆಯೇ? ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032, ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ತಾರೀಖು ತಪ್ಪಿದ್ದರೆ ಒಳ್ಳೆಯ ವೆಬ್‌ಸೈಟ್ ಕೂಡ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತದೆ. ಅದನ್ನು ವೈರಸ್ ಎಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿಸಬೇಡಿ!

ಕನ್ನಡದ ಹಳೇ ಕಡತಗಳೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆಯೇ? ಕಡತ ಕೆಟ್ಟಿಲ್ಲ, ಡಿಲೀಟ್ ಮಾಡಬೇಡಿ. ‘ನುಡಿ’ ಅಥವಾ ‘ಬರಹ’ದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದವು ಅವು. ಅದೇ ಫಾಂಟ್ ಮತ್ತೆ ಹಾಕಿದರೆ ಅಕ್ಷರಗಳು ಮೊದಲಿನಂತಾಗುತ್ತವೆ.

ಅಂಗಡಿಗೆ ಒಯ್ಯುವಾಗ

ಮನೆಯಲ್ಲಿ ಆಗದ ಕೆಲಸಕ್ಕೆ ಅಂಗಡಿಯೇ ಗತಿ. ಆದರೆ ‘ಏನೋ ಆಗಿದೆ, ಸರಿ ಮಾಡಿಕೊಡಪ್ಪಾ’ ಎಂದಷ್ಟೇ ಹೇಳಿ ಬರಬೇಡಿ. ವಿಂಡೋಸ್ ಹಾಕುವುದೆಂದರೆ ಫಾರ್ಮ್ಯಾಟ್ ಮಾಡುವುದೇ ಎಂಬ ರೂಢಿ ಎಷ್ಟೋ ಕಡೆ ಇದೆ. ‘ಒಳಗಿರುವ ಫೈಲ್‌ಗಳು ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಬಾಯಲ್ಲಿ ಹೇಳಿ, ರಸೀದಿಯ ಮೇಲೂ ಬರೆಸಿ. ಅದೇ ಮಾತನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ.

ಪರದೆಯ ಸಂದೇಶದ ಫೋಟೋ ತೋರಿಸಿ, ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂಬುದನ್ನೂ ಹೇಳಿ. ‘ಹಾರ್ಡ್‌ಡಿಸ್ಕ್ ಹೋಗಿದೆ ಮೇಡಂ’ ಎಂದರೆ ‘ಪರೀಕ್ಷೆ ಮಾಡಿದ್ದು ತೋರಿಸಿ’ ಎನ್ನಲು ಸಂಕೋಚ ಬೇಡ. ಬದಲಿಸಿದ ಹಳೇ ಡಿಸ್ಕನ್ನು ತಪ್ಪದೆ ವಾಪಸ್ ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಮನೆಯ ಫೋಟೋಗಳೂ ಪಾಸ್‌ವರ್ಡ್‌ಗಳೂ ಇರಬಹುದು. ಅದು ಯಾರ್‍ಯಾರ ಕೈಗೋ ಹೋಗಬಾರದು.

ನೆನಪಿರಲಿ

* ಕರೆಂಟ್ ಹೋಗುವ ಹೊತ್ತಿನಲ್ಲಿ ವಿಂಡೋಸ್ ಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ.

* ಕ್ಯಾಬಿನೆಟ್ ಅಥವಾ ಲ್ಯಾಪ್‌ಟಾಪ್ ಅಡಿಯಲ್ಲಿ 25 ಅಕ್ಷರಗಳ ಕೀ ಇರುವ ಸ್ಟಿಕ್ಕರ್ ಇದ್ದರೆ ಮಾಸುವ ಮೊದಲೇ ಫೋಟೋ ತೆಗೆದಿಡಿ.

* ಮೊದಲು ಹೋಂ ಇತ್ತೋ ಪ್ರೊ ಇತ್ತೋ ಅದನ್ನೇ ಹಾಕಿ. ಬೇರೆ ಹಾಕಿದರೆ ಹಳೇ ಲೈಸೆನ್ಸ್ ಕೆಲಸ ಮಾಡದು.

* ಫಾರ್ಮ್ಯಾಟ್ ಆಗಿಹೋಗಿದ್ದರೆ ಆ ಡಿಸ್ಕನ್ನು ಬಳಸಬೇಡಿ. ಹೊಸದಾಗಿ ಏನೂ ಬರೆಯದಿದ್ದರೆ ರಿಕವರಿಯಲ್ಲಿ ಫೋಟೋ ಸಿಗುವ ಆಸೆ ಉಳಿದಿರುತ್ತದೆ.

* ಫೋಟೋಗಳು ಎರಡು ಜಾಗದಲ್ಲಿರಲಿ. ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ, ಇನ್ನೊಂದು ಮಗಳ ಮನೆಯಲ್ಲೋ ತಂಗಿಯ ಮನೆಯಲ್ಲೋ. ಹೀಗೆ ಮಾಡಿಟ್ಟರೆ ವಿಂಡೋಸ್ ಹತ್ತು ಸಲ ಕೈಕೊಟ್ಟರೂ ನಿಮ್ಮ ನೆಮ್ಮದಿಗೆ ಭಂಗವಿಲ್ಲ.