ವಂಶವಾಹಿಯೂ ಹಣೆಬರಹವೂ

“ಮಾಷ್ಟ್ರೇ, ಅಮ್ಮನ ಕಾಯಿಲೆ ನನಗೂ ಬಂದೀತೇ?” ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದಳು. ಆಕೆಯ ತಾಯಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಿದೆ. ಆ ರೋಗದ ವಂಶವಾಹಿಗಳು ಪತ್ತೆಯಾಗಿವೆಯೆಂಬ ಸುದ್ದಿಯನ್ನು ಓದಿ ಮಗುವಿಗೆ ಭೀತಿ ಹುಟ್ಟಿತ್ತು. ಆಕೆಗೆ ನಾವಿತ್ತ ಉತ್ತರವು ಇತರರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆಯುಂಟು. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮಿದುಳು ಮತ್ತು ಮಿದುಳುಬಳ್ಳಿಗಳಲ್ಲಿನ ಈ ಹೊದಿಕೆಯನ್ನು ಕೆಡಿಸುವುದರಿಂದ ಈ ರೋಗವುಂಟಾಗುತ್ತದೆ. ದೃಷ್ಟಿ ಮಂಜಾಗುವುದು, ಕೈಕಾಲು ಜೋಮುಗಟ್ಟುವುದು, ನಡಿಗೆ ತೊಡರುವುದು ಇವೇ ಮೊದಲಾದುವು ಅದರ ಲಕ್ಷಣಗಳು. ಇದು ಅಂಟುರೋಗವಲ್ಲ.

2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಸಂಶೋಧನೆಯೊಂದರಲ್ಲಿ 47,000ಕ್ಕೂ ಹೆಚ್ಚು ರೋಗಿಗಳನ್ನು 68,000ಕ್ಕೂ ಹೆಚ್ಚು ರೋಗವಿಲ್ಲದವರೊಡನೆ ಹೋಲಿಸಿ ನೋಡಲಾಯಿತು. ರೋಗದ ಸಂಭವಕ್ಕೆ ಸಂಬಂಧಿಸಿದ ವಂಶವಾಹಿ ವ್ಯತ್ಯಾಸಗಳು 200ಕ್ಕೂ ಮಿಕ್ಕು ಕಂಡುಬಂದುವು. ಅವುಗಳಲ್ಲಿ ಹೆಚ್ಚಿನವುಗಳ ಪ್ರಭಾವವು ಅತ್ಯಲ್ಪ. ಎಚ್.ಎಲ್.ಎ. ಗುಂಪಿನ ಒಂದು ವ್ಯತ್ಯಾಸವು ಮಾತ್ರ ಸಂಭವವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ. ಆದರೆ ಅದನ್ನು ಪಡೆದವರಲ್ಲಿಯೂ ಬಹುಮಂದಿ ಈ ರೋಗವಿಲ್ಲದೆಯೇ ಬಾಳುತ್ತಾರೆ.

ಸಮರೂಪಿ ಅವಳಿಗಳನ್ನು ನೋಡೋಣ. ಇಬ್ಬರ ವಂಶವಾಹಿಗಳೂ ಒಂದೇ. ಆದರೂ ಒಬ್ಬರಿಗೆ ರೋಗ ಬಂದಲ್ಲಿ ಮತ್ತೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲೊಂದು ಪ್ರಸಂಗದಲ್ಲಿ ಮಾತ್ರ. ತಾಯಿಗೋ ತಂದೆಗೋ ರೋಗವಿದ್ದರೆ ಮಗುವಿಗೆ ಬರುವ ಸಂಭವವು ಸುಮಾರು ನೂರಕ್ಕೆ ಎರಡು. ಈ ಲೆಕ್ಕಗಳು ಬಹುಪಾಲು ಯುರೋಪ್ ಮೂಲದ ಜನರನ್ನು ಕುರಿತವು. ಅಲ್ಲಿಗಿಂತ ಭಾರತದಲ್ಲಿ ಈ ರೋಗವೇ ವಿರಳ.

ಬೀಜವೊಂದಿದ್ದರೆ ಬೆಳೆ ಬಾರದು. ನೆಲ, ನೀರು, ಹವೆಗಳು ಕೂಡಿಬರಬೇಕು. ಇಲ್ಲಿಯೂ ಹಾಗೆಯೇ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಸೋಂಕು ರೋಗಕ್ಕೆ ಮುಖ್ಯ ಕಾರಣವೆಂಬುದಕ್ಕೆ 2022ರಲ್ಲಿ ಅಮೆರಿಕದ ಸೈನಿಕರ ಅಧ್ಯಯನದಿಂದ ಬಲವಾದ ಆಧಾರ ದೊರೆಯಿತು. ಅದೂ ಒಂದೇ ಸಾಲದು. ಆ ವೈರಸ್ಸು ಬಹುತೇಕ ಎಲ್ಲರನ್ನೂ ತಗಲುವಂಥದು. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ.

ಹಾಗಾದರೆ ವಂಶವಾಹಿಗಳ ಶೋಧನೆ ವ್ಯರ್ಥವೇ? ಖಂಡಿತ ಅಲ್ಲ. ರೋಗದ ಮೂಲವು ರಕ್ಷಣಾ ವ್ಯವಸ್ಥೆಯಲ್ಲಿದೆಯೆಂಬುದನ್ನು ಅದು ದೃಢಪಡಿಸಿತು. ರೋಗವು ಉಲ್ಬಣಿಸುವ ವೇಗಕ್ಕೆ ಸಂಬಂಧಿಸಿದ ವ್ಯತ್ಯಾಸವೊಂದು 2023ರಲ್ಲಿ ತಿಳಿದುಬಂದಿತು. ಇಂತಹ ತಿಳಿವು ಔಷಧವಾಗಿ ಪರಿಣಮಿಸಲು ಹಲವು ವರ್ಷಗಳು ಬೇಕು. ಆದುದರಿಂದ ಹೊಸ ಸುದ್ದಿಯನ್ನು ನಂಬಿ ಈಗಿನ ಚಿಕಿತ್ಸೆಯನ್ನು ಯಾರೂ ನಿಲ್ಲಿಸಬಾರದು. ರೋಗದ ಮರುಕಳಿಕೆಯನ್ನು ತಗ್ಗಿಸುವ ಔಷಧಗಳು ಇಂದೇ ಲಭ್ಯವಿವೆ. ಬೇಗ ಆರಂಭಿಸಿದಷ್ಟೂ ಹಿತ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ರೋಗಿಯನ್ನಾಗಲಿ, ಆಕೆಯ ತವರನ್ನಾಗಲಿ ದೂಷಿಸದಿರಿ. ಕಾಯಿಲೆಯನ್ನು ಮುಚ್ಚಿಟ್ಟು ಚಿಕಿತ್ಸೆಗೆ ತಡಮಾಡದಿರಿ. ನಮ್ಮ ವಿದ್ಯಾರ್ಥಿನಿಗೆ ನಾವು ಹೇಳಿದ್ದಿಷ್ಟು: “ಮಗೂ, ನೂರು ಮಕ್ಕಳಲ್ಲಿ ತೊಂಬತ್ತೆಂಟು ಮಂದಿಯ ಸಾಲಿನಲ್ಲಿ ನೀನಿರುವ ಸಂಭವವೇ ಹೆಚ್ಚು. ಇದನ್ನು ಅಮ್ಮನಿಗೂ ಓದಿ ಹೇಳು; ನಿನಗಿಂತ ಹೆಚ್ಚಾಗಿ ಆಕೆ ಇದನ್ನು ಯೋಚಿಸಿ ಕೊರಗುತ್ತಿರಬಹುದು.”